ಶಸ್ತ್ರಚಿಕಿತ್ಸೆಯ ನಂತರ ಮಗುವಿನ ಗಾಯಕ್ಕೆ ಸೋಂಕು: ಯಾರಿಗೆ ಅಪಾಯ ಹೆಚ್ಚು, ತಡೆಯುವುದು ಹೇಗೆ, ಗುರುತಿಸುವುದು ಹೇಗೆ

ಮಗುವಿನ ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು ಎಂದು ವೈದ್ಯರು ಹೇಳಿದ ಕೂಡಲೇ ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ. ಗಾಯದ ಸೋಂಕು ಮಾತ್ರ ಆ ಹೊತ್ತಿಗೆ ಸುಳಿವನ್ನೇ ಕೊಟ್ಟಿರುವುದಿಲ್ಲ. ಸಾಮಾನ್ಯವಾಗಿ ಅದು ಕಾಣಿಸಿಕೊಳ್ಳುವುದು ನಾಲ್ಕನೆಯ ದಿನದಿಂದ ಹತ್ತನೆಯ ದಿನದ ನಡುವೆ. ಹರ್ನಿಯಾ ಆದರೆ ಮಗು ಅದೇ ಸಂಜೆ ಮನೆಗೆ ಬಂದಿರುತ್ತದೆ. ಅಪೆಂಡಿಕ್ಸ್ ಆದರೂ ಕೆಲವೇ ದಿನಗಳಲ್ಲಿ ಬಿಡುಗಡೆ. ಹಾಗಾಗಿ ಸೋಂಕನ್ನು ಮೊದಲು ಕಾಣುವ ಕಣ್ಣು ಬಹುಪಾಲು ಮನೆಯವರದೇ. ಮಕ್ಕಳ ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ದುಡಿದ ದಾದಿಯಾಗಿ ನಾನು ಹೇಳಬೇಕಾದದ್ದು ಇದೇ: ಮಾತ್ರೆ ಕೊಡುವುದನ್ನು ಕಲಿತಷ್ಟೇ ಶ್ರದ್ಧೆಯಿಂದ ಗಾಯವನ್ನು ನೋಡುವುದನ್ನೂ ಕಲಿಯಿರಿ.

ಬೆಂಗಳೂರಿನ ವಾಣಿ ವಿಲಾಸ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ನಿಮ್ಹಾನ್ಸ್, ಜಯದೇವ ಆಸ್ಪತ್ರೆಗಳಿಗೆ ರಾಜ್ಯದ ಮೂಲೆ ಮೂಲೆಗಳಿಂದ ಮಕ್ಕಳನ್ನು ಕರೆತರುತ್ತಾರೆ. ಶಸ್ತ್ರಚಿಕಿತ್ಸೆ ಇಲ್ಲಿ, ಗಾಯ ಮಾಯುವುದು ರಾಯಚೂರಿನಲ್ಲೋ ಚಾಮರಾಜನಗರದಲ್ಲೋ. ನಗರದೊಳಗೇ ಇರುವವರಿಗೂ ಆಸ್ಪತ್ರೆ ತಲುಪಲು ಎರಡು ಗಂಟೆ ಬೇಕಾಗಬಹುದು. ಅದಕ್ಕೇ ಇದನ್ನು ಮನೆಯಲ್ಲಿ ಕುಳಿತು ಓದುವವರಿಗಾಗಿ ಬರೆದಿದ್ದೇನೆ.

ಮೊದಲು, ಸೋಂಕು ಎಂದರೆ ಏನು

ಶಸ್ತ್ರಚಿಕಿತ್ಸೆಯಾದ 30 ದಿನಗಳೊಳಗೆ ಕೊಯ್ದ ಜಾಗದಲ್ಲಿ ಅಥವಾ ಅದರ ಆಳದಲ್ಲಿ ಹುಟ್ಟುವ ಸೋಂಕನ್ನು ಶಸ್ತ್ರಚಿಕಿತ್ಸಾ ಗಾಯದ ಸೋಂಕು ಎಂದು ಲೆಕ್ಕ ಹಿಡಿಯುತ್ತಾರೆ. ದೇಹದೊಳಗೆ ಕೊಳವೆ, ಕವಾಟ, ಲೋಹದ ಸಲಾಕೆ ಅಳವಡಿಸಿದಂತಹ ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ ಈ ಅವಧಿ 90 ದಿನ. ಕೆಲವು ಸೋಂಕು ಚರ್ಮದ ಮಟ್ಟದಲ್ಲೇ ನಿಲ್ಲುತ್ತವೆ, ಕೆಲವು ಸ್ನಾಯುವಿನವರೆಗೆ ಇಳಿಯುತ್ತವೆ. ಇನ್ನು ಕೆಲವು ಹೊರಗೆ ಏನೂ ತೋರಿಸದೆ ಹೊಟ್ಟೆ, ಎದೆ ಅಥವಾ ತಲೆಯೊಳಗೆ ಕೀವಾಗಿ ಕೂರುತ್ತವೆ. ಮೂರನೆಯ ಬಗೆಯೇ ಹೆಚ್ಚು ಮೋಸ ಮಾಡುವುದು. ಹೊಲಿಗೆ ಒಣಗಿ ಚೆನ್ನಾಗಿಯೇ ಕಾಣುತ್ತಿರುತ್ತದೆ, ಮಗು ಮಾತ್ರ ದಿನೇ ದಿನೇ ಬಾಡುತ್ತಿರುತ್ತದೆ.

ರೋಗಾಣುಗಳು ಬಹುಪಾಲು ಮಗುವಿನ ಮೈಯಲ್ಲೇ ಇರುವಂತಹವು. ಚರ್ಮ ಮತ್ತು ಮೂಗಿನಲ್ಲಿರುವ ಸ್ಟ್ಯಾಫಿಲೊಕಾಕಸ್, ಕರುಳಿನಲ್ಲಿರುವ ಇ. ಕೋಲೈ ತಮ್ಮ ಜಾಗದಲ್ಲಿದ್ದಾಗ ತೊಂದರೆ ಕೊಡುವುದಿಲ್ಲ. ಕೊಯ್ದ ಜಾಗಕ್ಕೆ ಇಳಿದಾಗ ಕೀವು ಮಾಡುತ್ತವೆ. ಆಸ್ಪತ್ರೆಯ ಕೈಗಳಿಂದ, ಉಪಕರಣಗಳಿಂದ ಬರುವ ಸೋಂಕೂ ಇದೆ, ಅದನ್ನು ತಡೆಯುವುದು ಆಸ್ಪತ್ರೆಯ ಹೊಣೆ. ಆದರೆ ಪ್ರತಿ ಸೋಂಕಿಗೂ ಯಾರದೋ ನಿರ್ಲಕ್ಷ್ಯವೇ ಕಾರಣವೆಂದು ತೀರ್ಮಾನಿಸಿದರೆ ನಮ್ಮ ಕೈಯಲ್ಲಿರುವ ಕೆಲಸ ಮರೆತುಹೋಗುತ್ತದೆ.

ಯಾವ ಮಗುವಿಗೆ ಅಪಾಯ ಹೆಚ್ಚು

ಮಗುವಿನ ಸ್ಥಿತಿ, ಶಸ್ತ್ರಚಿಕಿತ್ಸೆಯ ಸ್ವರೂಪ, ಆಸ್ಪತ್ರೆಯಲ್ಲಿ ಕಳೆಯುವ ಕಾಲ, ಈ ಮೂರೂ ಸೇರಿ ಅಪಾಯವನ್ನು ನಿರ್ಧರಿಸುತ್ತವೆ.

ನವಜಾತ ಶಿಶುಗಳು, ಅದರಲ್ಲೂ ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆಯಿರುವ ಶಿಶುಗಳು ಎಲ್ಲರಿಗಿಂತ ಮುಂದೆ ನಿಲ್ಲುತ್ತವೆ. ಅವುಗಳ ಚರ್ಮ ತೆಳು, ರೋಗನಿರೋಧಕ ಶಕ್ತಿ ಇನ್ನೂ ಬಲಿತಿರುವುದಿಲ್ಲ. ತೂಕಕ್ಕೆ ಹೋಲಿಸಿದರೆ ಮೈಯ ಮೇಲ್ಮೈ ದೊಡ್ಡದಾದ್ದರಿಂದ ಮೈ ಬೇಗ ತಣ್ಣಗಾಗುತ್ತದೆ. ಮೈ ತಣ್ಣಗಾದರೆ ಚರ್ಮದ ರಕ್ತನಾಳಗಳು ಸಂಕುಚಿತವಾಗಿ ಗಾಯಕ್ಕೆ ತಲುಪುವ ಆಮ್ಲಜನಕ ಕುಗ್ಗುತ್ತದೆ, ರೋಗಾಣುಗಳ ಜೊತೆ ಹೋರಾಡುವ ಬಿಳಿ ರಕ್ತಕಣಗಳೂ ಮಂಕಾಗುತ್ತವೆ. ಆಪರೇಷನ್ ಥಿಯೇಟರಿನಲ್ಲಿ ಶಿಶುವನ್ನು ಬೆಚ್ಚಗೆ ಸುತ್ತಿಡುವುದರ ಹಿಂದೆ ಈ ಕಾರಣವಿದೆ.

ಅಪೌಷ್ಟಿಕತೆ ಮತ್ತೊಂದು ದೊಡ್ಡ ಕಾರಣ, ನಾವು ತಿದ್ದಬಹುದಾದ ಕಾರಣವೂ ಹೌದು. ಗಾಯ ಕೂಡಿಕೊಳ್ಳಲು ಪ್ರೋಟೀನ್ ಬೇಕೇ ಬೇಕು. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 12.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅಪೌಷ್ಟಿಕತೆ, 11.5ಕ್ಕಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ. ಅಂಗನವಾಡಿಯಲ್ಲಿ ಈ ಅಳತೆ ಹಿಡಿಯುವ ಪಟ್ಟಿ ಇರುತ್ತದೆ.

ಮಧುಮೇಹ, ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುವುದು, ಕ್ಯಾನ್ಸರ್ ಚಿಕಿತ್ಸೆ, ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯ ಕೊರತೆ, ದೇಹದಲ್ಲಿ ಬೇರೆಲ್ಲೋ ಆಗಲೇ ಇರುವ ಸೋಂಕು, ಇವೂ ಅಪಾಯವನ್ನು ಹೆಚ್ಚಿಸುತ್ತವೆ.

ಇನ್ನು ಶಸ್ತ್ರಚಿಕಿತ್ಸೆಯ ಮಾತು. ಸೋಂಕಿಲ್ಲದ, ಕರುಳು ತೆರೆಯದ ಹರ್ನಿಯಾದಂತಹ ಶಸ್ತ್ರಚಿಕಿತ್ಸೆಯಲ್ಲಿ ಅಪಾಯ ತೀರಾ ಕಡಿಮೆ. ಕರುಳನ್ನೋ ಮೂತ್ರನಾಳವನ್ನೋ ತೆರೆದಾಗ ಸ್ವಲ್ಪ ಹೆಚ್ಚು. ಅಪೆಂಡಿಕ್ಸ್ ಒಡೆದು ಹೊಟ್ಟೆಯೊಳಗೆ ಕೀವು ಹರಡಿದ್ದರೆ ಬಹಳ ಹೆಚ್ಚು. ಶಸ್ತ್ರಚಿಕಿತ್ಸೆ ಗಂಟೆಗಟ್ಟಲೆ ನಡೆದಷ್ಟೂ, ತುರ್ತಾಗಿ ನಡೆದಷ್ಟೂ, ರಕ್ತ ಕೊಡಬೇಕಾಗಿ ಬಂದಷ್ಟೂ, ಶಸ್ತ್ರಚಿಕಿತ್ಸೆಗೆ ಮೊದಲೇ ಮಗು ಆಸ್ಪತ್ರೆಯಲ್ಲಿ ಹೆಚ್ಚು ದಿನ ಉಳಿದಷ್ಟೂ ಅಪಾಯ ಏರುತ್ತದೆ. ನಿಮ್ಮ ಮಗು ಇದರಲ್ಲಿ ಎಲ್ಲಿ ನಿಲ್ಲುತ್ತದೆ ಎಂದು ಸರ್ಜನ್‌ರನ್ನು ನೇರವಾಗಿ ಕೇಳಿ. ಕೇಳುವ ಹಕ್ಕು ನಿಮಗಿದೆ.

ಹಂತ 1: ದಿನಾಂಕ ನಿಗದಿಯಾದ ಮೇಲೆ

ಕೈಯಲ್ಲಿ ಕೆಲವು ವಾರಗಳಿದ್ದರೆ ಅವು ಅಮೂಲ್ಯ. ರಕ್ತಹೀನತೆ ಇದೆಯೇ ಎಂದು ಪರೀಕ್ಷಿಸಿ, ಕಬ್ಬಿಣಾಂಶದ ಔಷಧಿಯನ್ನು ವೈದ್ಯರು ಹೇಳಿದಷ್ಟು ಕಾಲ ತಪ್ಪದೆ ಕೊಡಿ. ಮೈಯಲ್ಲಿ ಕಜ್ಜಿ, ಕುರು, ಕಿವಿ ಸೋರುವಿಕೆ ಇದ್ದರೆ ಮುಚ್ಚಿಡದೆ ಹೇಳಿ. ಮೊದಲು ಅದನ್ನು ವಾಸಿ ಮಾಡಬೇಕು. ಹೃದಯದ ಶಸ್ತ್ರಚಿಕಿತ್ಸೆಯಾದರೆ ಹುಳುಕು ಹಲ್ಲುಗಳಿಗೆ ಮುಂಚೆಯೇ ಚಿಕಿತ್ಸೆ ಮಾಡಿಸಬೇಕು. ಬಾಯಿಯ ರೋಗಾಣುಗಳು ರಕ್ತಕ್ಕೆ ಇಳಿದರೆ ಹೃದಯದ ಒಳಪದರಕ್ಕೇ ಸೋಂಕು ತಗಲಬಹುದು.

ನೆಗಡಿ, ಕೆಮ್ಮು, ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ತಿಳಿಸಿ. ತಿಂಗಳುಗಟ್ಟಲೆ ಕಾದು ಸಿಕ್ಕ ದಿನಾಂಕ ಕೈತಪ್ಪೀತು ಎಂಬ ಭಯ ನನಗೆ ಅರ್ಥವಾಗುತ್ತದೆ, ಊರಿನಿಂದ ರೈಲು ಹತ್ತಿ ಬಂದವರಿಗಂತೂ ಅದು ಸಣ್ಣ ನಷ್ಟವಲ್ಲ. ಆದರೂ ಹೇಳಿ. ತುರ್ತಿಲ್ಲದ ಶಸ್ತ್ರಚಿಕಿತ್ಸೆಯನ್ನು ಕೆಲವು ವಾರ ಮುಂದೂಡುವುದರಿಂದ ಶ್ವಾಸಕೋಶದ ತೊಡಕು ತಪ್ಪುತ್ತದೆ. ಇತ್ತೀಚೆಗೆ ಲಸಿಕೆ ಹಾಕಿಸಿದ್ದರೆ ಆ ದಿನಾಂಕವನ್ನೂ ಹೇಳಿ. ಲಸಿಕೆಯ ಜ್ವರವನ್ನು ಸೋಂಕಿನ ಜ್ವರವೆಂದು ತಪ್ಪು ತಿಳಿಯುವಂತಾಗಬಾರದು. ಮನೆಯಲ್ಲಿ ಬೀಡಿ, ಸಿಗರೇಟು ಸೇದುವವರಿದ್ದರೆ ಮಗುವಿನ ಹತ್ತಿರ ಸೇದುವುದನ್ನು ಇಂದೇ ನಿಲ್ಲಿಸಲಿ.

ಹಂತ 2: ಹಿಂದಿನ ರಾತ್ರಿ ಮತ್ತು ಆ ಬೆಳಿಗ್ಗೆ

ಸೋಪು ಹಚ್ಚಿ ಚೆನ್ನಾಗಿ ಸ್ನಾನ ಮಾಡಿಸಿ. ಸಾಧಾರಣ ಸೋಪೇ ಸಾಕು. ಆಸ್ಪತ್ರೆಯವರು ವಿಶೇಷ ದ್ರಾವಣ ಕೊಟ್ಟಿದ್ದರೆ ಅದನ್ನು ಬಳಸಿ. ಹೊಕ್ಕುಳು, ತೊಡೆಸಂದು, ಕಂಕುಳು, ಕತ್ತಿನ ಮಡಿಕೆಗಳನ್ನು ಬಿಡಬೇಡಿ. ಸ್ನಾನದ ಮೇಲೆ ಎಣ್ಣೆ, ಪೌಡರ್ ಬೇಡ. ಉಗುರು ಕತ್ತರಿಸಿ, ಒಗೆದ ಬಟ್ಟೆ ಹಾಕಿ.

ಉಡಿದಾರವನ್ನು ಬಿಚ್ಚಬೇಕು. ಹರ್ನಿಯಾ, ಇಳಿಯದ ವೃಷಣ, ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗಳು ನಡೆಯುವುದು ಅದರ ಆಸುಪಾಸಿನಲ್ಲೇ, ಬೆವರು ಮತ್ತು ಕೊಳೆ ಕುಡಿದ ದಾರ ರೋಗಾಣುಗಳ ಗೂಡು. ತಾಯಿತ, ಕೈಗೆ ಕಟ್ಟಿದ ದಾರಗಳಿಗೂ ಇದೇ ಮಾತು. ಬಿಚ್ಚಿ ದೇವರ ಮುಂದೆ ಇಟ್ಟು ಬನ್ನಿ, ಗಾಯ ಮಾಗಿದ ಮೇಲೆ ಹೊಸದನ್ನು ಕಟ್ಟಬಹುದು. ಅಜ್ಜಿಯರ ಮನಸ್ಸು ನೋಯದಂತೆ ಹೀಗೆ ಹೇಳಿದರೆ ಬಹಳ ಮನೆಗಳಲ್ಲಿ ಒಪ್ಪುತ್ತಾರೆ.

ಮನೆಯಲ್ಲಿ ಕೂದಲು ಬೋಳಿಸಲೇಬೇಡಿ. ರೇಜರ್ ಚರ್ಮದ ಮೇಲೆ ಕಣ್ಣಿಗೆ ಕಾಣದ ಗೀರುಗಳನ್ನು ಬಿಡುತ್ತದೆ, ಅಲ್ಲಿ ರೋಗಾಣು ಬೆಳೆಯುತ್ತದೆ. ಅಗತ್ಯವಿದ್ದರೆ ಆಸ್ಪತ್ರೆಯವರೇ ಕ್ಲಿಪ್ಪರಿನಿಂದ ಕತ್ತರಿಸುತ್ತಾರೆ. ತಲೆಯ ಶಸ್ತ್ರಚಿಕಿತ್ಸೆಗೆ ಮುನ್ನ ಹರಕೆ ತೀರಿಸಲು ಮುಡಿ ಕೊಡುವವರಿದ್ದಾರೆ. ದಯವಿಟ್ಟು ಆ ಹರಕೆಯನ್ನು ಮಗು ಗುಣವಾದ ಮೇಲೆ ತೀರಿಸಿ.

ಹಂತ 3: ಆಸ್ಪತ್ರೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಸೋಂಕು ತಡೆಯುವ ಆ್ಯಂಟಿಬಯೋಟಿಕ್ ಅನ್ನು ಯಾವಾಗ ಕೊಡುತ್ತೀರಿ ಎಂದು ಕೇಳಿ. ಬೇಕಾದ ಶಸ್ತ್ರಚಿಕಿತ್ಸೆಗಳಲ್ಲಿ ಅದನ್ನು ಕೊಯ್ಯುವ ಮುಂಚಿನ ಎರಡು ಗಂಟೆಗಳೊಳಗೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿ ಹೇಳುತ್ತದೆ. ಸೆಫಜೋಲಿನ್‌ನಂತಹ ಔಷಧಿಯನ್ನು ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಕೊಡುತ್ತಾರೆ. ಕೊಯ್ಯುವಾಗ ಔಷಧಿ ರಕ್ತದಲ್ಲಿ, ಚರ್ಮದಲ್ಲಿ ಆಗಲೇ ತುಂಬಿರಬೇಕು. ಅದೇ ಸಂಸ್ಥೆ 2008ರಲ್ಲಿ ಹೊರತಂದ 19 ಅಂಶಗಳ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲೂ ಈ ಪ್ರಶ್ನೆ ಇದೆ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಗಟ್ಟಿಯಾಗಿಯೇ ಅಲ್ಲಗಳೆಯಬೇಕು. ಹೆಚ್ಚು ದಿನ ಆ್ಯಂಟಿಬಯೋಟಿಕ್ ಕೊಟ್ಟರೆ ಹೆಚ್ಚು ಸುರಕ್ಷಿತ ಎಂದು ಪೋಷಕರೂ ನಂಬುತ್ತಾರೆ, ಕೆಲವೆಡೆ ಚೀಟಿಯನ್ನೂ ಹಾಗೆಯೇ ಬರೆಯುತ್ತಾರೆ. ಸೋಂಕಿಲ್ಲದ ಶಸ್ತ್ರಚಿಕಿತ್ಸೆಯಲ್ಲಿ, ತಡೆಗಾಗಿಯೇ ಕೊಡುವ ಔಷಧಿಯನ್ನು ನಂತರವೂ ಮುಂದುವರಿಸುವುದರಿಂದ ಲಾಭವಿಲ್ಲ. ಬದಲಿಗೆ ಭೇದಿ ಹತ್ತುತ್ತದೆ, ಔಷಧಿಗೆ ಬಗ್ಗದ ರೋಗಾಣುಗಳು ಬೆಳೆಯುತ್ತವೆ. ಒಡೆದ ಅಪೆಂಡಿಕ್ಸ್‌ನಂತಹ ಸಂದರ್ಭ ಬೇರೆ. ಅಲ್ಲಿ ಔಷಧಿ ಕೊಡುವುದು ಆಗಲೇ ಇರುವ ಸೋಂಕಿಗೆ, ಆ ಕೋರ್ಸ್ ಪೂರ್ತಿಯಾಗಬೇಕು.

ಹಂತ 4: ವಾರ್ಡಿನಲ್ಲಿ

ಕೈ ತೊಳೆಯುವುದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಸೋಪಿನಿಂದ 40ರಿಂದ 60 ಸೆಕೆಂಡು, ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು, ಬೆರಳ ಸಂದು ಮತ್ತು ಹೆಬ್ಬೆರಳು ಸೇರಿದಂತೆ. ಮಗುವನ್ನು ಮುಟ್ಟಲು ಬರುವ ವೈದ್ಯರಿಗೂ ನರ್ಸ್‌ಗೂ "ಕೈ ತೊಳೆದಿದ್ದೀರಾ" ಎಂದು ಕೇಳಿ. ಒಳ್ಳೆಯ ವೈದ್ಯರು ಇದಕ್ಕೆ ಬೇಸರಪಡುವುದಿಲ್ಲ.

ಗಾಯದ ಜೊತೆಗೆ ಇನ್ನೂ ಮೂರು ದಾರಿಗಳಿಂದ ಸೋಂಕು ಬರುತ್ತದೆ: ಡ್ರಿಪ್ ಸೂಜಿ, ಮೂತ್ರದ ಕೊಳವೆ, ಶ್ವಾಸಕೋಶ. ಸೂಜಿ ಹಾಕಿದ ಜಾಗ ಊದಿದರೆ, ಬಿಸಿಯಾದರೆ, ಮಗು ಅಲ್ಲಿ ನೋವೆಂದು ಅತ್ತರೆ ಕೂಡಲೇ ನರ್ಸನ್ನು ಕರೆಯಿರಿ. ಮೂತ್ರದ ಕೊಳವೆ ಇನ್ನೂ ಬೇಕೇ ಎಂದು ದಿನವೂ ಕೇಳಿ. ವೈದ್ಯರು ಅನುಮತಿಸಿದ ಕೂಡಲೇ ಮಗುವನ್ನು ಎಬ್ಬಿಸಿ ಕೂರಿಸಿ, ನಡೆಸಿ, ಬಲೂನು ಊದಿಸಿ ಆಳವಾಗಿ ಉಸಿರಾಡಿಸಿ.

ನೋಡಲು ಬರುವವರ ಮಾತು ಸೂಕ್ಷ್ಮವಾದದ್ದು. ಆಸ್ಪತ್ರೆಗೆ ಸೇರಿದ ಮಗುವನ್ನು ನೋಡಿ ಬರದಿದ್ದರೆ ಸಂಬಂಧವೇ ಕೆಟ್ಟೀತು ಎಂಬ ಭಾವನೆ ನಮ್ಮಲ್ಲಿದೆ. ಸೇಬು, ಬಿಸ್ಕತ್ತು ಹಿಡಿದು ಇಡೀ ಕುಟುಂಬವೇ ಬರುತ್ತದೆ, ಚಪ್ಪಲಿ ಕಳಚಿ ಹಾಸಿಗೆಯ ಮೇಲೆ ಕೂರುತ್ತದೆ, ಮಗುವಿಗೆ ಮುತ್ತಿಡುತ್ತದೆ. ಫೋನಿನಲ್ಲೇ ಮೊದಲು ಹೇಳಿಬಿಡಿ: ವೈದ್ಯರು ಬೇಡ ಎಂದಿದ್ದಾರೆ, ಹದಿನೈದು ದಿನ ಕಳೆದ ಮೇಲೆ ಮನೆಗೇ ಬನ್ನಿ. ವೈದ್ಯರ ಹೆಸರಿನಲ್ಲಿ ಹೇಳಿದರೆ ಯಾರೂ ಮುನಿಯುವುದಿಲ್ಲ.

ಹಂತ 5: ಬಿಡುಗಡೆಯ ದಿನ

ಬಿಲ್ಲು, ಆಟೋ, ಗಂಟುಮೂಟೆಯ ಗಡಿಬಿಡಿಯಲ್ಲಿ ಮುಖ್ಯವಾದದ್ದು ತಪ್ಪಿಹೋಗುತ್ತದೆ. ಬಿಡುಗಡೆ ಪತ್ರದಲ್ಲಿ ಶಸ್ತ್ರಚಿಕಿತ್ಸೆಯ ಹೆಸರು, ದೇಹದೊಳಗೆ ಏನಾದರೂ ಅಳವಡಿಸಿದ್ದಾರೆಯೇ, ಕೊಟ್ಟ ಆ್ಯಂಟಿಬಯೋಟಿಕ್ ಯಾವುದು, ಹೊಲಿಗೆ ತಾನೇ ಕರಗುವಂತಹದೇ ಅಥವಾ ತೆಗೆಸಬೇಕೇ, ಇಷ್ಟೂ ಇರಲಿ. ಡ್ರೆಸಿಂಗ್ ಯಾವಾಗ ತೆಗೆಯಬೇಕು, ಸ್ನಾನ ಯಾವಾಗ, ರಾತ್ರಿ ಎರಡು ಗಂಟೆಗೆ ಜ್ವರ ಬಂದರೆ ಯಾವ ಸಂಖ್ಯೆಗೆ ಕರೆ ಮಾಡಬೇಕು ಎಂದು ಕೇಳಿ ಬರೆದುಕೊಳ್ಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಚಿಕಿತ್ಸೆ ಪಡೆದಿದ್ದರೆ, ಸೋಂಕಾಗಿ ಮತ್ತೆ ದಾಖಲಾಗಬೇಕಾದರೆ ಏನು ಮಾಡಬೇಕೆಂದು ಆಸ್ಪತ್ರೆಯಲ್ಲಿ ಆ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಅಲ್ಲಿಯೇ ವಿಚಾರಿಸಿ. ದೂರದ ಊರಿನವರು ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಗಾಯ ತೋರಿಸಬಹುದೇ ಎಂದೂ ಕೇಳಿ.

ಗಾಯದ ಡ್ರೆಸಿಂಗ್ ತೆಗೆದಾಗ ಒಂದು ಫೋಟೊ ಹಿಡಿಯಿರಿ. ಮುಂದಿನ ಪ್ರತಿ ಹೋಲಿಕೆಗೂ ಅದೇ ಆಧಾರ.

ಹಂತ 6: ಮನೆಯಲ್ಲಿ ಗಾಯವನ್ನು ನೋಡುವ ಕ್ರಮ

ಮೊದಲ 48 ಗಂಟೆ, ಬೇರೆ ಸೂಚನೆ ಇಲ್ಲದಿದ್ದರೆ, ಡ್ರೆಸಿಂಗ್ ಬಿಚ್ಚಬೇಡಿ, ಒದ್ದೆ ಮಾಡಬೇಡಿ. ಅಷ್ಟರೊಳಗೆ ಚರ್ಮದ ಮೇಲ್ಪದರ ಬಹುತೇಕ ಮುಚ್ಚಿಕೊಳ್ಳುತ್ತದೆ. ನಂತರ ದಿನಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ಕಿಟಕಿಯ ಬೆಳಕಿನಲ್ಲಿ ನೋಡಿ. ಟ್ಯೂಬ್‌ಲೈಟಿನ ಬೆಳಕು ಬಣ್ಣವನ್ನು ಮರೆಸುತ್ತದೆ.

ಕೈ ತೊಳೆದು ಹೀಗೆ ಮಾಡಿ. ಮೊದಲು ಮುಟ್ಟದೆ ನೋಡಿ: ಅಂಚುಗಳು ಕೂಡಿವೆಯೇ, ನಿನ್ನೆಗಿಂತ ಊತ ಹೆಚ್ಚಿದೆಯೇ. ಬಳಿಕ ಬೆರಳುಗಳ ಹಿಂಬದಿಯನ್ನು ಗಾಯದ ಪಕ್ಕದ ಚರ್ಮಕ್ಕೂ ಇನ್ನೊಂದು ಬದಿಯ ಅದೇ ಜಾಗಕ್ಕೂ ತಾಗಿಸಿ, ಎರಡರ ಬಿಸುಪನ್ನು ಹೋಲಿಸಿ. ಇದು ನಮ್ಮ ಮಕ್ಕಳಿಗೆ ಬಹಳ ಮುಖ್ಯ. "ಕೆಂಪಾದರೆ ಬನ್ನಿ" ಎಂದು ಎಲ್ಲ ಕಡೆ ಹೇಳುತ್ತಾರೆ, ಆದರೆ ಕಪ್ಪು ಅಥವಾ ಗೋಧಿ ಮೈಬಣ್ಣದ ಮಗುವಿನಲ್ಲಿ ಉರಿಯೂತ ಕೆಂಪಾಗಿ ಕಾಣದೆ ಇರಬಹುದು. ಸುತ್ತಲಿನ ಚರ್ಮಕ್ಕಿಂತ ಕಡುಗಪ್ಪಾಗಿ, ನೇರಳೆ ಛಾಯೆಯಲ್ಲಿ, ಹೊಳಪಾಗಿ ಬಿಗಿದುಕೊಂಡಂತೆ ಕಾಣುತ್ತದೆ. ಬಿಸಿ, ಗಟ್ಟಿತನ, ನೋವು ಇವೇ ಅಲ್ಲಿ ನಂಬಲರ್ಹ ಲಕ್ಷಣಗಳು.

ಬಣ್ಣ ಬದಲಾದ ಜಾಗ ಕಂಡರೆ ಅದರ ಅಂಚಿನ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆದು ಸಮಯ ಬರೆಯಿರಿ, ಫೋಟೊ ತೆಗೆದು ಆಸ್ಪತ್ರೆಗೆ ಕರೆ ಮಾಡಿ. ಗೆರೆ ದಾಟಿ ಹರಡಿದರೆ ಫೋನಿನಲ್ಲಿ ಕಾಲ ಕಳೆಯದೆ ಹೊರಡಿ.

ಅಲ್ಪ ಊತ, ನವೆ, ಒಂದೆರಡು ಹನಿ ತಿಳಿಯಾದ ದ್ರವ, ಹೊಲಿಗೆಯ ಕೆಳಗೆ ಗಟ್ಟಿಯಾದ ಏಣು, ಇವು ಮಾಯುವ ಗಾಯದ ಸಹಜ ಗುಣಗಳು. ಟಾನ್ಸಿಲ್ ತೆಗೆಸಿದ ಮೇಲೆ ಗಂಟಲಲ್ಲಿ ಕಾಣುವ ಬಿಳಿ ಪೊರೆ ಕೀವಲ್ಲ, ಅದನ್ನು ಕೆರೆಯಬಾರದು. ಸುನ್ನತಿಯ ನಂತರ ಶಿಶ್ನದ ತುದಿಯಲ್ಲಿ ಕಾಣುವ ಹಳದಿ ಮಿಶ್ರಿತ ಬಿಳಿ ಪದರಕ್ಕೂ ಇದೇ ಮಾತು. ಆದರೆ ಟಾನ್ಸಿಲ್ ತೆಗೆಸಿದ ಮಗುವಿನ ಬಾಯಲ್ಲಿ, ಅದರಲ್ಲೂ ಐದರಿಂದ ಹತ್ತನೆಯ ದಿನದ ನಡುವೆ, ರಕ್ತ ಕಂಡರೆ ಎಷ್ಟೇ ಸ್ವಲ್ಪವಾದರೂ ಆಸ್ಪತ್ರೆಗೆ ಓಡಿ.

ಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ, ಕಾಫಿ ಪುಡಿ, ವಿಭೂತಿ, ಬೂದಿ, ಟೂತ್‌ಪೇಸ್ಟ್ ಯಾವುದೂ ಬೇಡ. ಅರಿಶಿನದ ಬಗ್ಗೆ ನನಗೂ ಗೌರವವಿದೆ, ಆದರೆ ಅಡುಗೆಮನೆಯ ಡಬ್ಬಿಯ ಪುಡಿ ಕ್ರಿಮಿರಹಿತವಲ್ಲ. ಬಣ್ಣ ಹತ್ತಿದ ಚರ್ಮದಲ್ಲಿ ಸೋಂಕಿನ ಗುರುತೂ ಮುಚ್ಚಿಹೋಗುತ್ತದೆ. ಡೆಟಾಲ್, ಹೈಡ್ರೋಜನ್ ಪೆರಾಕ್ಸೈಡ್ ಕೂಡ ಹೊಸದಾಗಿ ಬೆಳೆಯುತ್ತಿರುವ ಚರ್ಮವನ್ನು ಸುಡುತ್ತವೆ. ಗಾಯ ತೊಳೆಯಲು ಹೇಳಿದ್ದರೆ ಕುದಿಸಿ ಆರಿಸಿದ ನೀರು ಬಳಸಿ. ಕಾವೇರಿ ನೀರು ಬಾರದ ಬಡಾವಣೆಗಳಲ್ಲಿ ಟ್ಯಾಂಕರ್, ಕೊಳವೆಬಾವಿಯ ನೀರೇ ಗತಿ, ಸಂಪು ತೊಳೆದು ಎಷ್ಟು ಕಾಲವಾಯಿತೋ ತಿಳಿಯದು. ಎಣ್ಣೆಸ್ನಾನ, ಈಜು, ಟಬ್ಬಿನಲ್ಲಿ ಕೂರಿಸುವುದು ಗಾಯ ಪೂರ್ತಿ ಮಾಯುವವರೆಗೆ ಬೇಡ.

ಹಂತ 7: ಊಟ, ಮತ್ತು ನಂಜಿನ ಭಯ

ಮನೆಯಲ್ಲಿ ಅತಿ ಹೆಚ್ಚು ವಾದ ನಡೆಯುವುದು ಇಲ್ಲೇ. ಗಾಯವಿರುವಾಗ ಬದನೆಕಾಯಿ, ಕಡಲೆಕಾಯಿ, ಬೇಳೆ, ಮೊಟ್ಟೆ, ಮಾಂಸ ತಿಂದರೆ ನಂಜಾಗುತ್ತದೆ, ಕೀವು ತುಂಬುತ್ತದೆ ಎಂದು ಹಿರಿಯರು ಹೇಳುತ್ತಾರೆ. ಹೀಗೆ ಪಥ್ಯ ಮಾಡಿಸಿದ ಮಗುವಿಗೆ ಉಳಿಯುವುದು ತಿಳಿಸಾರು, ಅನ್ನ, ಬ್ರೆಡ್ಡು. ಗಾಯ ಕೂಡಿಸುವ ಪ್ರೋಟೀನನ್ನೇ ತಟ್ಟೆಯಿಂದ ತೆಗೆದುಹಾಕಿದಂತಾಯಿತು. ಈ ಪದಾರ್ಥಗಳು ಕೀವು ತರುವುದಿಲ್ಲ. ಕೀವು ತರುವುದು ರೋಗಾಣು. ಮಗುವಿಗೆ ಮೊದಲಿನಿಂದಲೇ ಅಲರ್ಜಿಯಿರುವ ಪದಾರ್ಥವನ್ನು ಮಾತ್ರ ಬಿಡಿ.

ವೈದ್ಯರು ಊಟಕ್ಕೆ ಅನುಮತಿ ಕೊಟ್ಟ ಮೇಲೆ ದಿನವೂ ಗಟ್ಟಿ ಬೇಳೆಯ ಸಾರು, ಹೆಸರುಕಾಳು, ಹಾಲು, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಕೊಡಿ. ರಾಗಿ ಗಂಜಿಗೆ ಹಾಲು ಮತ್ತು ಪುಡಿ ಮಾಡಿದ ಕಡಲೆಬೀಜ ಸೇರಿಸಿದರೆ ಹಸಿವಿಲ್ಲದ ಮಗುವೂ ನಾಲ್ಕು ಚಮಚ ಕುಡಿಯುತ್ತದೆ. ನೆಲ್ಲಿಕಾಯಿ, ಸೀಬೆ, ಕಿತ್ತಳೆಯಲ್ಲಿರುವ ಸಿ ಜೀವಸತ್ವವೂ ಗಾಯ ಮಾಯಲು ಬೇಕು. ಎದೆಹಾಲು ಕುಡಿಯುವ ಕೂಸಿಗೆ ಎದೆಹಾಲನ್ನೇ ಮುಂದುವರಿಸಿ, ತಾಯಿಯೂ ಹೊಟ್ಟೆ ತುಂಬ ಉಣ್ಣಲಿ. ಅಜ್ಜಿಯನ್ನು ಎದುರು ಹಾಕಿಕೊಳ್ಳುವುದಕ್ಕಿಂತ ಮುಂದಿನ ಭೇಟಿಗೆ ಅವರನ್ನೇ ಕರೆದೊಯ್ದು ವೈದ್ಯರ ಬಾಯಿಂದ ಹೇಳಿಸುವುದು ಮೇಲು.

ಹಂತ 8: ಯಾವಾಗ ಹೊರಡಬೇಕು

ಮೊದಲ ಎರಡು ದಿನಗಳ ಅಲ್ಪ ಜ್ವರ ಅನೇಕ ಬಾರಿ ಶಸ್ತ್ರಚಿಕಿತ್ಸೆಗೆ ದೇಹ ತೋರುವ ಪ್ರತಿಕ್ರಿಯೆ. ಮೂರನೆಯ ದಿನದ ನಂತರ ಹೊಸದಾಗಿ ಬಂದ ಅಥವಾ ಬಿಟ್ಟು ಮರಳಿದ ಜ್ವರವನ್ನು ಸೋಂಕೆಂದೇ ಅನುಮಾನಿಸಬೇಕು. ಗಾಯದಿಂದ ಕೀವು, ದುರ್ವಾಸನೆ, ಅಂಚು ಬಿಚ್ಚುವುದು, ಇಳಿಯಬೇಕಾದ ನೋವು ಏರುವುದು ಕಂಡರೆ ಅದೇ ದಿನ ತೋರಿಸಿ.

ಈ ಕೆಳಗಿನವು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಹೊರಡಿ:

- ಮೂರು ತಿಂಗಳೊಳಗಿನ ಶಿಶುವಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಅಥವಾ ಹೆಚ್ಚಿನ ಜ್ವರ. ನವಜಾತ ಶಿಶುವಿನಲ್ಲಿ ಮೈ ತಣ್ಣಗಾಗುವುದೂ ಸೋಂಕಿನ ಲಕ್ಷಣವೇ.
- ಹಾಲು ಕುಡಿಯದಿರುವುದು, ಎಬ್ಬಿಸಿದರೂ ಏಳದಷ್ಟು ಮಂಪರು, ಮೈ ಸಡಿಲವಾಗುವುದು, ಫಿಟ್ಸ್.
- ಮಲಗಿರುವಾಗಲೂ ವೇಗದ ಉಸಿರು: ಎರಡು ತಿಂಗಳೊಳಗೆ ನಿಮಿಷಕ್ಕೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಹೆಚ್ಚು.
- ಕೈಕಾಲು ತಣ್ಣಗಾಗಿ ಬಿಳಚಿಕೊಳ್ಳುವುದು, ಎಂಟು ಗಂಟೆಯಾದರೂ ಮೂತ್ರ ಬಾರದಿರುವುದು.
- ಹೊಟ್ಟೆ ಉಬ್ಬಿ ಗಟ್ಟಿಯಾಗುವುದು, ಹಸಿರು ವಾಂತಿ.
- ಗಂಟೆಗಳೊಳಗೆ ಹರಡುವ ಬಣ್ಣ, ತಡೆಯಲಾರದ ನೋವು, ಒತ್ತಿದರೆ ಚರ್ಮದಡಿ ಕರಕರ ಎನ್ನುವುದು. ಇಂತಹ ಸೋಂಕು ಮೊದಲ ಎರಡು ದಿನಗಳಲ್ಲೇ ಬರಬಹುದು, ಜೀವಕ್ಕೇ ಅಪಾಯ.

ತಲೆಯಲ್ಲಿ ನೀರು ತುಂಬಿದ ಮಗುವಿಗೆ ಆ ನೀರನ್ನು ಬೇರೆಡೆಗೆ ಹರಿಸುವ ಷಂಟ್ ಕೊಳವೆ ಹಾಕಿದ್ದರೆ ಎಚ್ಚರಿಕೆ ತಿಂಗಳುಗಳ ಕಾಲ ಇರಲಿ. ಜ್ವರ, ವಾಂತಿ, ತಲೆನೋವು, ನೆತ್ತಿ ಉಬ್ಬುವುದು, ಕೊಳವೆ ಹಾದುಹೋದ ದಾರಿಯಲ್ಲಿ ಊತ ಕಂಡರೆ ಅದು ಸಾಧಾರಣ ಜ್ವರವೆಂದು ಬಡಾವಣೆಯ ಕ್ಲಿನಿಕ್ಕಿನಲ್ಲೇ ನಿಲ್ಲಬೇಡಿ. ಷಂಟ್ ಹಾಕಿದ ಆಸ್ಪತ್ರೆಗೇ ಹೋಗಿ. ಒಡೆದ ಅಪೆಂಡಿಕ್ಸ್ ತೆಗೆಸಿದ ಮಗುವಿಗೆ ವಾರದ ಬಳಿಕ ಜ್ವರ, ಹೊಟ್ಟೆನೋವು, ಪದೇ ಪದೇ ಲೋಳೆಯಂತಹ ಭೇದಿ ಶುರುವಾದರೆ ಹೊಟ್ಟೆಯೊಳಗೆ ಕೀವುಗುಳ್ಳೆ ಆಗಿರಬಹುದು. ಇದನ್ನು ಊಟದ ಏರುಪೇರು ಎಂದುಕೊಂಡು ದಿನ ತಳ್ಳುವವರು ಬಹಳ. ಹೃದಯದ ಶಸ್ತ್ರಚಿಕಿತ್ಸೆಯಾದ ಮಗುವಿನ ಎದೆಯ ಮೂಳೆ ಕೆಮ್ಮಿದಾಗ ಅಲುಗಾಡಿದಂತೆ ಅಥವಾ ಟಕ್ ಎಂದಂತೆ ಅನ್ನಿಸಿದರೂ ತಡಮಾಡಬೇಡಿ.

ಹಂತ 9: ಸೋಂಕು ಆಗಿಯೇಬಿಟ್ಟರೆ

ಔಷಧಿ ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ಕೊಡಬೇಡಿ. ಕೀವಿಗೆ ಮೊದಲ ಚಿಕಿತ್ಸೆ ಅದನ್ನು ಹೊರಬಿಡುವುದು. ಸರ್ಜನ್ ಒಂದೆರಡು ಹೊಲಿಗೆ ಬಿಚ್ಚಿ ಕೀವು ತೆಗೆದು ತೊಳೆಯುತ್ತಾರೆ. ಆಳದ ಕೀವಾದರೆ ಅಲ್ಟ್ರಾಸೌಂಡ್ ನೋಡಿ ಕೊಳವೆ ಹಾಕುತ್ತಾರೆ. ಮೇಲ್ಮಟ್ಟದ ಸಣ್ಣ ಸೋಂಕಿಗೆ ಕೆಲವೊಮ್ಮೆ ಇಷ್ಟೇ ಸಾಕಾಗುತ್ತದೆ. ಔಷಧಿ ಶುರು ಮಾಡುವ ಮೊದಲು ಕೀವನ್ನು ಕಲ್ಚರ್ ಪರೀಕ್ಷೆಗೆ, ಅಂದರೆ ಅದರಲ್ಲಿರುವ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆಗೆ, ಕಳುಹಿಸುತ್ತೀರಾ ಎಂದು ಕೇಳಿ. ವರದಿ ಬರಲು ಸಾಮಾನ್ಯವಾಗಿ ಎರಡು ಮೂರು ದಿನ ಹಿಡಿಯುತ್ತದೆ, ಆದರೆ ಯಾವ ಔಷಧಿ ಕೆಲಸ ಮಾಡುತ್ತದೆ ಎಂದು ಖಚಿತವಾಗಿ ತಿಳಿಯುವುದು ಅದರಿಂದಲೇ.

ಬಿಚ್ಚಿದ ಗಾಯವನ್ನು ಮತ್ತೆ ಹೊಲಿಯದೆ ಹಾಗೇ ಬಿಟ್ಟಾಗ ಪೋಷಕರು ಕಂಗಾಲಾಗುತ್ತಾರೆ. ಕೀವು ಒಳಗೆ ಸಿಕ್ಕಿಬೀಳದಂತೆ ಗಾಯ ತಳದಿಂದ ಮೇಲಕ್ಕೆ ತುಂಬಿಕೊಂಡು ಬರಲಿ ಎಂದೇ ಹಾಗೆ ಬಿಡುವುದು. ವಾರಗಳು ಹಿಡಿಯುತ್ತವೆ. ತಳದಲ್ಲಿ ತೇವವಾದ, ಗುಲಾಬಿ ಬಣ್ಣದ, ಸಣ್ಣ ಕಾಳುಕಾಳಾದ ಮಾಂಸ ಕಂಡರೆ ಅದು ಒಳ್ಳೆಯ ಲಕ್ಷಣ. 1865ರಲ್ಲಿ ಗ್ಲಾಸ್ಗೋ ನಗರದಲ್ಲಿ ಗಾಡಿಯ ಚಕ್ರ ಹರಿದು ಕಾಲಿನ ಮೂಳೆ ಮುರಿದು ಚರ್ಮವೂ ಸೀಳಿದ್ದ ಹನ್ನೊಂದು ವರ್ಷದ ಬಾಲಕನ ಗಾಯಕ್ಕೆ ಸರ್ಜನ್ ಜೋಸೆಫ್ ಲಿಸ್ಟರ್ ರೋಗಾಣು ಕೊಲ್ಲುವ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದರು. ಅಂತಹ ಗಾಯಕ್ಕೆ ಕಾಲನ್ನೇ ಕತ್ತರಿಸುತ್ತಿದ್ದ ಕಾಲವದು. ಆ ಹುಡುಗನ ಕಾಲು ಉಳಿಯಿತು. ಇಂದು ನಮ್ಮ ಕೈಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿನ ಸಾಧನಗಳಿವೆ, ಸಮಯಕ್ಕೆ ಸರಿಯಾಗಿ ಗಾಯ ತೋರಿಸಿದರೆ ಬಹುತೇಕ ಮಕ್ಕಳು ಪೂರ್ತಿ ಗುಣವಾಗುತ್ತಾರೆ.

ಕಲ್ಚರ್ ವರದಿಯನ್ನು ಬಿಡುಗಡೆ ಪತ್ರದ ಜೊತೆಗೇ ಲ್ಯಾಮಿನೇಟ್ ಮಾಡಿಸಿ ಇಡಿ, ಮೊಬೈಲಿನಲ್ಲೂ ಅದರ ಫೋಟೊ ಇರಲಿ. ಮುಂದೆ ಮಗುವಿಗೆ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾದರೆ, ಹಿಂದೆ ಯಾವ ರೋಗಾಣು ಕಾಡಿತ್ತು ಮತ್ತು ಯಾವ ಔಷಧಿಗೆ ಅದು ಬಗ್ಗಿರಲಿಲ್ಲ ಎಂಬುದನ್ನು ಸರ್ಜನ್‌ಗೂ ಅರಿವಳಿಕೆ ತಜ್ಞರಿಗೂ ಮೊದಲ ಭೇಟಿಯಲ್ಲೇ ತೋರಿಸಿ. ಕೊಯ್ಯುವ ಮುನ್ನ ಕೊಡುವ ಔಷಧಿಯನ್ನು ಅವರು ಅದನ್ನು ನೋಡಿಯೇ ಆರಿಸುತ್ತಾರೆ.